ಕಪಾಟಿನಲ್ಲಿಟ್ಟ ನೀಲಿ

ಮಾರ್ಚ್ ೪

ಪ್ರೀತಿಯ ಮಾವ,

ಮೊನ್ನೆ ಫೋನಿನಲ್ಲಿ ನಾನು ಕಿರುಚಿದ್ದೇ ಕಿರುಚಿದ್ದು. ನಮ್ಮ ಲ್ಯಾಬಿನ ಮಹಡಿಯಲ್ಲಿರುವವರೆಲ್ಲ ನನ್ನ ಸಂಶೋಧನೆಯನ್ನು ಬಾಯಿಪಾಠ ಮಾಡಿಕೊಂಡರು, ನಿಮ್ಮೊಬ್ಬರನ್ನು ಬಿಟ್ಟು. ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದರೆ, ಕೇಳಬೇಕಾದ್ದನ್ನೆಲ್ಲ ಕೇಳಿ ಆಗಿದೆ ಅನ್ನುತ್ತೀರಿ. ಸರಿ, ಇನ್ನು ಪತ್ರವೇ ಗತಿ.

ಜೊತೆಗೊಂದು ಪೆಟ್ಟಿಗೆ ಕಳಿಸಿದ್ದೇನೆ. ಅದರಲ್ಲಿ ಒಂದು ಗಾಜಿನ ಸೀಸೆಯಿದೆ, ಒಳಗೆ ನೀಲಿ ನೀರು. ಬಟ್ಟೆ ಕಾರ್ಖಾನೆಗಳು ಬಳಸಿ ಚರಂಡಿಗೆ ಬಿಡುವಂಥ ಬಣ್ಣ ಅದು. ಕಾಗದದ ಪೊಟ್ಟಣದಲ್ಲಿರುವುದು ನಮ್ಮ ಪುಡಿ. ನೋಡಲು ಪೆನ್ಸಿಲ್ ಕೆತ್ತಿದಾಗ ಉದುರುವ ಕಪ್ಪಿನ ಹಾಗಿದೆ, ಆದರೆ ಅಸಡ್ಡೆ ಮಾಡಬೇಡಿ, ನಾಲ್ಕು ವರ್ಷ ಅದಕ್ಕೇ ಸುರಿದಿದ್ದೇನೆ. ಅದು ಕಾರ್ಬನ್ನಿನ ತೆಳುವಾದ ಹಾಳೆಗಳ ಮುದ್ದೆ. ಎಷ್ಟು ತೆಳು ಅಂದರೆ, ಒಂದು ಕೂದಲೆಳೆಯ ದಪ್ಪದಲ್ಲಿ ಇಂಥವನ್ನು ಸಾವಿರಗಟ್ಟಲೆ ಒಟ್ಟಬಹುದು. ಒಂದು ಚಮಚ ಪುಡಿಯನ್ನು ಬಿಡಿಸಿ ಹಾಸಲು ಸಾಧ್ಯವಾದರೆ ನಿಮ್ಮ ಶಾಲೆಯ ಮೈದಾನವೇ ಮುಚ್ಚಿಹೋದೀತು. ಆ ಹಾಳೆಗಳ ಮೇಲೆ ಸತುವಿನ ಆಕ್ಸೈಡಿನ ಪುಟಾಣಿ ಹರಳುಗಳನ್ನು ಕೂರಿಸಿದ್ದೇವೆ. ಬಿಸಿಲು ಬಿದ್ದಾಗ ಆ ಹರಳುಗಳು ಚುರುಕಾಗಿ, ಪಕ್ಕದಲ್ಲಿರುವ ಬಣ್ಣವನ್ನು ಮುರಿದುಹಾಕುತ್ತವೆ. ಒಮ್ಮೆ ಮುರಿದರೆ ಮುಗಿಯಿತು, ಅದು ಮತ್ತೆ ಬಣ್ಣವಾಗುವುದಿಲ್ಲ.

ಪುಡಿಯನ್ನು ಸೀಸೆಗೆ ಹಾಕಿ, ಕುಲುಕಿ, ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಆಗಾಗ ಕುಲುಕುತ್ತಿರಿ. ಎರಡು ದಿನ ಬಿಟ್ಟು ಏನಾಯಿತೆಂದು ಬರೆಯಿರಿ. ಅಪ್ಪ ಅಮ್ಮ ವರ್ಗವಾಗಿ ಊರೂರು ಅಲೆಯುವಾಗ ನಿಮ್ಮ ಮನೆಯಲ್ಲಿ ಬೆಳೆದವಳು ನಾನು. ಬಣ್ಣ ಬೆರೆಸುವುದನ್ನು ನೀವು ಕಲಿಸಿದಿರಿ, ನಾನು ಬಣ್ಣ ಅಳಿಸುವುದನ್ನು ಕಲಿತು ಕೂತಿದ್ದೇನೆ. ಅತ್ತೆಗೆ ನನ್ನ ನೆನಪು ಹೇಳಿ.

ನಿಮ್ಮ
ಕಡ್ಡಿ

ಮಾರ್ಚ್ ೨೧

ಚಿರಂಜೀವಿ ಕಡ್ಡಿಗೆ,

ಶಭಾಷ್! ಶಭಾಷ್! ಶಭಾಷ್! ಮೂರು ಸಲ ಬರೆದದ್ದು ಕೈತಪ್ಪಿ ಅಲ್ಲ.

ನೀನು ಹೇಳಿದ ಹಾಗೆ ಪುಡಿ ಹಾಕಿ ಕುಲುಕಿದೆ. ಮೂರನೆಯ ದಿನ ನೋಡಿದರೆ ಕಪ್ಪೆಲ್ಲ ತಳಕ್ಕೆ ಕೂತು ಮೇಲಿನ ನೀರು ಕನ್ನಡಿಯಾಗಿದೆ. ನೀಲಿಯ ಸುಳಿವಿಲ್ಲ. ನಲವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ ಕುಂಚ ತೊಳೆದ ನೀರನ್ನು ದಿನಾ ನೋಡಿದವನು ನಾನು, ಬಣ್ಣ ಬಿಟ್ಟ ನೀರು ಮತ್ತೆ ತಿಳಿಯಾದದ್ದನ್ನು ಒಂದು ದಿನವೂ ಕಂಡಿಲ್ಲ. ಅತ್ತೆಯನ್ನು ಕೂಗಿ ತೋರಿಸಿದೆ. "ಬಣ್ಣ ಹೋಗೋದಕ್ಕೆ ಇಷ್ಟೆಲ್ಲ ಯಾಕೆ, ನಾವು ತರೋ ಸೋಪಿಗೆ ಎಂಥಾ ಬಣ್ಣಾನೂ ನಿಲ್ಲಲ್ಲ" ಅಂದಳು. ಆದರೆ ಸಂಜೆ ಕೆಳಗಿನ ಔಷಧಿ ಅಂಗಡಿಯವರನ್ನು ತಾನೇ ಮೆಟ್ಟಿಲು ಹತ್ತಿಸಿ ಕರೆತಂದು, "ನಮ್ಮ ಹುಡುಗಿ ಮಾಡಿದ್ದು" ಎಂದು ಸೀಸೆ ತೋರಿಸಿದ್ದೂ ಅವಳೇ.

ನಾನು ಸುಮ್ಮನಿರುತ್ತೇನೆಯೇ? ಸೀಸೆಯನ್ನು ಕೈಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋದೆ. ಏಳನೆಯ ತರಗತಿಯ ಮಕ್ಕಳ ಮುಂದೆ ಒಂದು ಪೀರಿಯಡ್ ಭಾಷಣ ಬಿಗಿದೆ. ನನಗೆ ಅರ್ಥವಾದದ್ದು ಕಾಲು ಭಾಗ, ಹೇಳಿದ್ದು ಮೂರು ಪಟ್ಟು. ಬಿಸಿಲಿನಿಂದ ನೀರು ತೊಳೆಯುವವಳು ನನ್ನ ಸೊಸೆ ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅದು ನನಗೂ ಕೇಳಿಸಿತು ಎಂದರೆ ಎಷ್ಟು ಜೋರಾಗಿ ತಟ್ಟಿರಬೇಕು, ನೀನೇ ಲೆಕ್ಕ ಹಾಕು.

ನಿನ್ನ
ಮಾವ

ಏಪ್ರಿಲ್ ೨

ಪ್ರೀತಿಯ ಮಾವ,

ನಿಮ್ಮ ಪತ್ರವನ್ನು ಲ್ಯಾಬಿನ ಬಾಗಿಲಿಗೆ ಅಂಟಿಸಿದ್ದೇನೆ. ನಮ್ಮ ಮುಖ್ಯಸ್ಥೆ ಯಾರನ್ನೂ ಹೊಗಳುವವರಲ್ಲ. ಅವರೂ ಓದಿ, "ಮೂರು ಶಭಾಷ್ ನನಗೆ ಇವತ್ತಿನ ತನಕ ಯಾರೂ ಕೊಟ್ಟಿಲ್ಲ ಕಣಮ್ಮ" ಅಂದರು.

ಈಗ ಸಿಹಿ ಸುದ್ದಿ. ನಮ್ಮ ಪ್ರಬಂಧವನ್ನು ಪತ್ರಿಕೆಯವರು ಒಪ್ಪಿಕೊಂಡಿದ್ದಾರೆ. ಮೇ ಕೊನೆಗೆ ಅಚ್ಚಾಗುತ್ತದೆ. ಜೂನಿನಲ್ಲಿ ದೊಡ್ಡ ಸಮ್ಮೇಳನ, ಅಲ್ಲಿ ನನ್ನ ಭಾಷಣ. ಅದೇ ತಿಂಗಳು ಇಲ್ಲಿ ಖಾಯಂ ಹುದ್ದೆಗೆ ಆಯ್ಕೆ ನಡೆಯುತ್ತದೆ. ಈ ಪ್ರಬಂಧವಿದ್ದರೆ ಹುದ್ದೆ ನನಗೇ ಎಂದು ಎಲ್ಲರೂ ಹೇಳುತ್ತಿದ್ದಾರೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರೊಬ್ಬರು ಆಗಲೇ ಬಂದು ಹೋದರು. ಅವರ ಹಿತ್ತಲಲ್ಲೇ ಹೊಳೆ. ದೊಡ್ಡ ತೊಟ್ಟಿ ಕಟ್ಟಿಸಿ ನಮ್ಮ ಪುಡಿ ಹಾಕಿಸುತ್ತಾರಂತೆ.

ವರ್ಷ ವರ್ಷವೂ ತಾತ್ಕಾಲಿಕ ಎಂದು ಬರೆದ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಸಾಕಾಗಿದೆ ಮಾವ. ಕಾಲು ಚಾಚಿ ಕೂರುವ ಒಂದು ಜಾಗ ಬೇಕು. ಈ ಸಲ ಸಿಗುತ್ತದೆ.

ಕಡ್ಡಿ

ಏಪ್ರಿಲ್ ೧೫

ಚಿರಂಜೀವಿ ಕಡ್ಡಿಗೆ,

ನಿನ್ನ ಪತ್ರ ಓದಿ ಅತ್ತೆ ಎರಡು ಸಲ ಕಣ್ಣು ಒರೆಸಿಕೊಂಡಳು. ಕೇಳಿದರೆ ಒಗ್ಗರಣೆ ಹೊಗೆ ಅಂತೆ. ಒಲೆಯ ಮೇಲೆ ಇದ್ದದ್ದು ಹಾಲು.

ಇನ್ನೊಂದು ವಿಷಯ ಹೇಳಬೇಕು, ಕೇಳಿದರೆ ನಿನಗೆ ಇನ್ನೊಂದು ಸುತ್ತು ಹೆಮ್ಮೆ. ನಿನ್ನ ಪುಡಿ ನೀನು ಅಂದುಕೊಂಡದ್ದಕ್ಕಿಂತ ಜಾಣ! ಅದಕ್ಕೆ ಬಿಸಿಲೂ ಬೇಡ.

ನನ್ನ ಅಭ್ಯಾಸ ನಿನಗೆ ಗೊತ್ತಲ್ಲ. ಬಣ್ಣವನ್ನು ಬಿಸಿಲಿಗೆ ಇಡು ಎಂದರೆ ನನ್ನ ಕೈಯೇ ಏಳುವುದಿಲ್ಲ. ಸೀಸೆಯನ್ನು ಕಿಟಕಿಯ ತನಕ ಒಯ್ದೆ, ಅಷ್ಟು ಒಳ್ಳೆಯ ನೀಲಿ, ಮನಸ್ಸು ಬರಲಿಲ್ಲ. ನನ್ನ ಚಿತ್ರಗಳಿರುವ ಮರದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ನೆನಪಾದಾಗಲೆಲ್ಲ ತೆಗೆದು ಕುಲುಕಿ ಮತ್ತೆ ಅಲ್ಲೇ ಇಡುತ್ತಿದ್ದೆ. ನಾಳೆ ಕಿಟಕಿಗೆ, ನಾಳೆ ಕಿಟಕಿಗೆ ಅಂದುಕೊಳ್ಳುವಷ್ಟರಲ್ಲಿ ನೀರು ತಿಳಿಯಾಗಿಬಿಟ್ಟಿತ್ತು. ಕತ್ತಲಲ್ಲೇ ಇಷ್ಟು ಕೆಲಸ ಮಾಡುವ ಪುಡಿ ಬಿಸಿಲು ಕಂಡರೆ ಇನ್ನೇನು ಮಾಡೀತು! ಇದನ್ನೂ ನಿನ್ನ ಭಾಷಣಕ್ಕೆ ಸೇರಿಸಿಕೋ, ಸಭೆ ಎದ್ದು ನಿಲ್ಲುತ್ತದೆ.

ಸೀಸೆ ತೆಗೆಯುವಾಗ ಅತ್ತೆ ಹಿಂದೆಯೇ ನಿಂತು, "ನನ್ನ ಚಿತ್ರಾನೂ ಒಂದ್ಸಲ ಹೊರಗೆ ತೆಗೀಬಾರದಾ?" ಅಂದಳು. ಮದುವೆಯಾದ ಹೊಸತರಲ್ಲಿ ಬರೆದದ್ದು, ನೀಲಿ ಶಾಲು ಹೊದ್ದುಕೊಂಡು ಕುರ್ಚಿಯಲ್ಲಿ ಕೂತಿದ್ದಾಳೆ. ಗೋಡೆಗೆ ಹಾಕಿದರೆ ಬೆಳಕಿಗೆ ಶಾಲು ಮಾಸುತ್ತದೆ ಎಂದು ಬಟ್ಟೆ ಸುತ್ತಿಟ್ಟಿದ್ದೇನೆ. ಅವಳಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು.

ಮಾವ

ಏಪ್ರಿಲ್ ೨೪

ಮಾವ,

ಒಂದಿಷ್ಟು ಕೇಳಬೇಕು, ಜ್ಞಾಪಿಸಿಕೊಂಡು ಉತ್ತರಿಸಿ. ಕಪಾಟಿನ ಬಾಗಿಲಿಗೆ ಗಾಜು ಇಲ್ಲ ತಾನೇ? ಸಂದಿಯಿಂದ ಬೆಳಕು ಬೀಳುತ್ತದೆಯೇ? ಕುಲುಕುವುದಕ್ಕೆ ತೆಗೆದಾಗ ಎಷ್ಟು ಹೊತ್ತು ಹೊರಗಿರುತ್ತಿತ್ತು? ಒಂದು ದಿನವಾದರೂ, ಅರ್ಧ ದಿನವಾದರೂ, ಕಿಟಕಿಯಲ್ಲಿತ್ತೇ?

ಸೀಸೆ ಇನ್ನೂ ಇದ್ದರೆ ಮೇಲಿನ ತಿಳಿನೀರನ್ನು ಮೆಲ್ಲಗೆ ಬಗ್ಗಿಸಿ ಚೆಲ್ಲಿ. ತಳದ ಪುಡಿ ಹಾಗೇ ಇರಲಿ. ಕೆಳಗಿನ ಔಷಧಿ ಅಂಗಡಿಯಿಂದ ಸ್ಪಿರಿಟ್ ತಂದು ಅದರ ಮೇಲೆ ಸುರಿದು, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ. ಒಲೆಯಿಂದ ದೂರ ಇರಲಿ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ.

ಇಲ್ಲಿ ಕೆಲಸ ಬಹಳವಿದೆ.

ಮೇ ೩

ಚಿರಂಜೀವಿ ಕಡ್ಡಿಗೆ,

ಕೋಪ ಬಂದಿದೆ ನಿನಗೆ. ಪತ್ರದ ಕೊನೆಗೆ ನಿನ್ನ ಹೆಸರೂ ಇರಲಿಲ್ಲ. ಹೇಳಿದ ಮಾತು ಕೇಳದೆ ಕಪಾಟಿನಲ್ಲಿಟ್ಟದ್ದು ನನ್ನ ತಪ್ಪು. ಮಕ್ಕಳು ಹೇಳಿದಂತೆ ಮಾಡದಿದ್ದಾಗ ನಾನು ಕಿವಿ ಹಿಂಡುತ್ತಿದ್ದೆ, ಈಗ ನನ್ನ ಕಿವಿ ನಿನ್ನ ಕೈಯಲ್ಲಿದೆ. ಹೇಗೂ ಕೆಲಸಕ್ಕೆ ಬಾರದ ಕಿವಿ, ಹಿಂಡು.

ಕೇಳಿದ್ದಕ್ಕೆ ಉತ್ತರ. ಬಾಗಿಲು ಗಟ್ಟಿ ಮರದ್ದು. ಬೀಗ ಹಾಕುವ ತೂತಿಗೂ ನಾನು ಕಾಗದ ತುರುಕಿದ್ದೇನೆ. ಕುಲುಕಲು ತೆಗೆದದ್ದು ಒಂದೊಂದು ಗಳಿಗೆ, ಅದೂ ಪರದೆ ಎಳೆದ ಕೋಣೆಯಲ್ಲಿ. ಕಿಟಕಿಯಲ್ಲಿ ಒಂದು ದಿನವೂ ಇಡಲಿಲ್ಲ.

ಆದರೆ ಸ್ಪಿರಿಟ್ಟಿನ ಸಂಗತಿ! ಅದನ್ನು ಏನೆಂದು ಹೇಳಲಿ! ಸುರಿದು ಕುಲುಕಿದೆ. ಬಟ್ಟೆಯಲ್ಲಿ ಸೋಸಿ ನೋಡಿದರೆ ನೀಲಿ! ಅದೇ ನೀಲಿ, ಕಳೆದುಹೋಗಿದ್ದ ನೀಲಿ, ಬಾಗಿಲು ತೆರೆದುಕೊಂಡು ಮನೆಗೆ ಬಂದ ಹಾಗೆ ಬಂತು. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಬಂದು ನೋಡಿದಳು. ಬಣ್ಣವನ್ನು ಬೇಕಾದಾಗ ಬಚ್ಚಿಟ್ಟು ಬೇಕಾದಾಗ ಹೊರತೆಗೆಯುತ್ತೀಯಲ್ಲ, ಎಂಥ ಬುದ್ಧಿ ಮಾರಾಯ್ತಿ ನಿನ್ನದು! ಇದನ್ನು ಮೊದಲೇ ಯಾಕೆ ಹೇಳಲಿಲ್ಲ?

ಮಾವ

ಮೇ ೯

ಕಡ್ಡಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ನೀಲಿ ಸೀಸೆಯನ್ನು ಎದುರಿಗಿಟ್ಟುಕೊಂಡು ನಿನ್ನ ಮಾರ್ಚಿನ ಪತ್ರವನ್ನು ಮತ್ತೆ ಓದಿದೆ. ಒಮ್ಮೆ ಮುರಿದ ಬಣ್ಣ ಮತ್ತೆ ಬಣ್ಣವಾಗುವುದಿಲ್ಲ ಎಂದು ಬರೆದಿದ್ದೀಯ. ಹಾಗಾದರೆ ನನ್ನ ಮುಂದಿರುವುದು ಏನು? ಪುಡಿ ಬಣ್ಣವನ್ನು ಮುರಿದಿಲ್ಲ, ನುಂಗಿಕೊಂಡು ಕೂತಿತ್ತು, ಅಲ್ಲವೇ? ಅದಕ್ಕೇ ನೀನು ಸಹಿ ಹಾಕದೆ ಬರೆದದ್ದು. ನಾನು ಮುದುಕ ಅದನ್ನು ಕೋಪ ಅಂದುಕೊಂಡೆ. ಅದರ ಮೇಲೆ, ಎಂಥ ಬುದ್ಧಿ ಎಂದು ಹೊಗಳಿ ಬೇರೆ ಬರೆದೆ. ಆ ಪತ್ರವನ್ನು ಅಂಚೆಯಿಂದ ವಾಪಸ್ ತೆಗೆಯುವುದಕ್ಕೆ ಯಾವ ಪುಡಿಯೂ ಇಲ್ಲವಲ್ಲ.

ಒಂದು ಮಾತು ಹೇಳುತ್ತೇನೆ, ಬಯ್ಯಬೇಡ. ನಾನು ಕಿಟಕಿಯಲ್ಲೇ ಇಟ್ಟಿದ್ದೆ ಎಂದು ಬರೆದುಕೊಡುತ್ತೇನೆ. ವಯಸ್ಸಾಗಿದೆ, ಕಪಾಟೋ ಕಿಟಕಿಯೋ ಸರಿಯಾಗಿ ನೆನಪಿಲ್ಲ ಎಂದರೆ ಯಾರು ಬಂದು ನೋಡುತ್ತಾರೆ? ನಿನ್ನ ನಾಲ್ಕು ವರ್ಷ ನನ್ನ ಒಂದು ದುರಭ್ಯಾಸದಿಂದ ಹಾಳಾಗಬಾರದು. ನಿನಗೆ ಕಾಲು ಚಾಚುವ ಜಾಗ ಸಿಗಬೇಕು. ನನಗೆ ಬೇಕಾಗಿರುವುದು ಅಷ್ಟೇ.

ಮಾವ

ಮೇ ೨೦

ಪ್ರೀತಿಯ ಮಾವ,

ನಿಮ್ಮ ಎರಡೂ ಪತ್ರಗಳು ಒಂದೇ ದಿನ ಬಂದವು. ಮೊದಲನೆಯದನ್ನು ಓದಿ ನಕ್ಕೆ, ಎರಡನೆಯದನ್ನು ಓದಿ ಅತ್ತುಬಿಟ್ಟೆ. ಈ ಲ್ಯಾಬಿನಲ್ಲಿ ಒಗ್ಗರಣೆಯ ನೆಪವೂ ಇಲ್ಲ.

ನೀವು ಊಹಿಸಿದ್ದು ಸರಿ. ನೀವು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು, ಬರೆಯುವ ಧೈರ್ಯವಿರಲಿಲ್ಲ. ನಿಮ್ಮ ಕಪಾಟಿನ ಸುದ್ದಿ ಬಂದ ದಿನವೇ ಇಲ್ಲಿಯೂ ಒಂದು ಸೀಸೆಗೆ ಕಪ್ಪು ಕಾಗದ ಸುತ್ತಿಟ್ಟೆ. ಅದೂ ತಿಳಿಯಾಯಿತು.

ಇಂಥ ಪ್ರಯೋಗಗಳಿಗೆ ನಮ್ಮಲ್ಲಿ ಒಂದು ರೂಢಿಯಿದೆ. ಲ್ಯಾಬಿನಲ್ಲಿ ಬಿಸಿಲಿಗೆ ಬದಲಾಗಿ ಬಳಸುವ ದೀಪ ಹಾಕುವ ಮೊದಲು ಸೀಸೆಯನ್ನು ಅರ್ಧ ಗಂಟೆ ಕತ್ತಲಲ್ಲಿಡಬೇಕು, ಪುಡಿ ನುಂಗುವುದಿದ್ದರೆ ಅಷ್ಟರಲ್ಲಿ ನುಂಗಿ ಮುಗಿಸುತ್ತದೆ, ಆಮೇಲೆ ಕಡಿಮೆಯಾಗುವ ಬಣ್ಣವೆಲ್ಲ ಬೆಳಕಿನ ಲೆಕ್ಕಕ್ಕೆ ಎಂದು. ಎಲ್ಲರೂ ಅರ್ಧ ಗಂಟೆ ಇಡುತ್ತಾರೆ, ನಾವೂ ಇಟ್ಟೆವು. ಆದರೆ ನಮ್ಮ ಹಾಳೆಗಳ ಮಡಿಕೆ ಬಹಳ ಆಳ. ಬಣ್ಣ ನಿಧಾನಕ್ಕೆ ಒಳಗೆ ಇಳಿಯುತ್ತದೆ, ದೀಪದ ಬಿಸಿ ತಾಗಿದರೆ ಚುರುಕಾಗಿ ಇಳಿಯುತ್ತದೆ. ದೀಪ ಹಾಕಿದ ಮೇಲೆ ನೀಲಿ ಹೋಗುವುದನ್ನು ಕಂಡು ಬೆಳಕೇ ಮಾಡಿತು ಎಂದು ನಾವು ಕುಣಿದೆವು. ಬೆಳಕು ಮುರಿದದ್ದು ಚೂರೇ ಚೂರು. ದಿನಗಟ್ಟಲೆ ಕತ್ತಲಲ್ಲಿಟ್ಟು ನೋಡೋಣ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಬಣ್ಣಕ್ಕೆ ಬಿಸಿಲು ತಾಗಬಾರದು ಎಂದು ಹೆದರುವ ಮನುಷ್ಯ ನಮ್ಮಲ್ಲಿ ಇರಲಿಲ್ಲ, ನೋಡಿ.

ನಿಮ್ಮ ಸುಳ್ಳಿನ ವಿಷಯ. ನೀವು ಬರೆಯುವ ಮೊದಲೇ ನಾನೂ ಒಂದು ಇಡೀ ದಿನ ಅದನ್ನೇ ಯೋಚಿಸಿದ್ದೆ. ಮಾವನ ಪತ್ರ ಬರಲೇ ಇಲ್ಲ ಅಂದುಕೊಂಡರೆ ಏನಾಗುತ್ತದೆ ಎಂದು. ಆಗ ಆ ಕಾರ್ಖಾನೆಯ ತೊಟ್ಟಿ ನೆನಪಾಯಿತು. ಹೊಟ್ಟೆ ತುಂಬಿದ ಪುಡಿಯನ್ನು ಅವರು ಹೊಳೆಯ ದಂಡೆಗೆ ಸುರಿಯುತ್ತಾರೆ. ಮುರಿಯದ ಬಣ್ಣ ಒಂದಲ್ಲ ಒಂದು ದಿನ ಹೊರಗೆ ಬರುತ್ತದೆ. ನೀರು ಶುದ್ಧವಾಯಿತು ಎಂದು ನಂಬಿದವರು ಅಲ್ಲಿ ಪಾತ್ರೆ ಅದ್ದುತ್ತಾರೆ. ಅಷ್ಟು ಯೋಚಿಸಿದ ಮೇಲೆ ಕಷ್ಟವಾಗಲಿಲ್ಲ.

ಮುಖ್ಯಸ್ಥೆಗೆ ಎಲ್ಲ ಹೇಳಿದೆ, ನಿಮ್ಮ ಪತ್ರವನ್ನೂ ಕೊಟ್ಟೆ. ಓದಿ ಮುಗಿಸಿ ಕನ್ನಡಕ ಒರೆಸಿಕೊಂಡರು. ಆಮೇಲೆ, "ನಿಮ್ಮ ಮಾವನ್ನ ನಾವು ಮೊದಲೇ ಕೆಲಸಕ್ಕೆ ತಗೋಬೇಕಿತ್ತು" ಅಂದರು. ಪ್ರಬಂಧ ವಾಪಸ್ ತೆಗೆದುಕೊಂಡೆವು. ಕಾರ್ಖಾನೆಯವರಿಗೂ ತಿಳಿಸಿದ್ದಾಯಿತು. ಸಮ್ಮೇಳನದಲ್ಲಿ ಭಾಷಣ ಮಾಡುತ್ತೇನೆ, ನಾವು ಎಲ್ಲಿ ಎಡವಿದೆವು ಎಂದು.

ಹುದ್ದೆಯ ಆಸೆ ಬಿಟ್ಟಿದ್ದೇನೆ. ನೀವು ಬೇಜಾರು ಮಾಡಿಕೊಳ್ಳಬೇಡಿ. ನಾನು ಚೆನ್ನಾಗಿದ್ದೇನೆ.

ಕಡ್ಡಿ

ಜುಲೈ ೧೪

ಚಿರಂಜೀವಿ ಕಡ್ಡಿಗೆ,

ಎರಡು ತಿಂಗಳಾಗುತ್ತ ಬಂತು, ನಿನ್ನಿಂದ ಒಂದು ಅಕ್ಷರವಿಲ್ಲ. ಚೆನ್ನಾಗಿದ್ದೇನೆ ಎಂದು ನೀನು ಬರೆದಿದ್ದೆ. ಚಿಕ್ಕಂದಿನಲ್ಲಿ ಮಂಡಿ ಒಡೆದುಕೊಂಡು ಬಂದು ಬಾಗಿಲ ಹಿಂದೆ ನಿಂತಾಗಲೂ ಇದೇ ಮಾತು ಹೇಳುತ್ತಿದ್ದೆ.

ಅತ್ತೆ ದಿನಾ ಅಂಚೆಯ ಡಬ್ಬಿ ಇಣುಕಿ ಬಂದು ನನ್ನ ಕಪಾಟನ್ನು ದುರುಗುಟ್ಟಿ ನೋಡುತ್ತಾಳೆ. ತಪ್ಪೆಲ್ಲ ಅದರದೇ ಎನ್ನುವ ಹಾಗೆ.

ಶಾಲೆಗೆ ಮತ್ತೆ ಹೋಗಿದ್ದೆ. ಅದೇ ಮಕ್ಕಳ ಮುಂದೆ ನೀಲಿ ಸೀಸೆಯನ್ನಿಟ್ಟು, ಅವತ್ತು ನಾನು ಹೇಳಿದ್ದು ಸರಿಯಲ್ಲ, ಬಿಸಿಲು ಏನೂ ಮಾಡಿರಲಿಲ್ಲ ಎಂದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ತನ್ನ ತಪ್ಪನ್ನು ತಾನೇ ಹೇಳಿ ಪ್ರಬಂಧ ವಾಪಸ್ ತೆಗೆದುಕೊಂಡಳು ನನ್ನ ಸೊಸೆ ಎಂದೂ ಹೇಳಿದೆ.

ನಾನು ಒಂದು ಚಿತ್ರದಲ್ಲಿ ಕೈ ಚಿಕ್ಕದಾಗಿ ಬಿದ್ದರೆ ಅದರ ಮೇಲೊಂದು ಹೂವು ಬರೆದು ಮುಚ್ಚುವವನು. ಎಷ್ಟು ಹೂವು ಬರೆದಿದ್ದೇನೋ ನನಗೇ ಗೊತ್ತಿಲ್ಲ. ನೀನು ಮುಗಿಯುತ್ತ ಬಂದ ಇಡೀ ಚಿತ್ರವನ್ನು ಒರೆಸಿದೆ. ಮಾರ್ಚಿನಲ್ಲಿ ನಾನು ಕೊಟ್ಟ ಮೂರು ಶಭಾಷ್ ವಾಪಸ್ ತೆಗೆದುಕೊಂಡಿಲ್ಲ. ಇದಕ್ಕೆ ಬೇರೆ ಮೂರು ಇದೆ, ಬಂದು ಇಸಿದುಕೋ.

ಮಾವ

ಸೆಪ್ಟೆಂಬರ್ ೧೨

ಪ್ರೀತಿಯ ಮಾವ,

ಸುಮ್ಮನಿದ್ದದ್ದಕ್ಕೆ ಬಯ್ಯಿರಿ. ಚೆನ್ನಾಗಿರಲಿಲ್ಲ. ಹುದ್ದೆ ಬೇರೆಯವರಿಗೆ ಹೋಯಿತು. ಅವರನ್ನು ಅಭಿನಂದಿಸಿ ಬಂದು, ಕೈಗವಸು ಹಾಕಿಕೊಂಡು, ಏನು ಮಾಡುವುದೆಂದು ತೋಚದೆ ಸೀಸೆಗಳನ್ನು ತೊಳೆಯುತ್ತ ನಿಂತಿದ್ದೆ. ನಿಮ್ಮ ಜುಲೈ ಪತ್ರ ಬಂದದ್ದು ಅಂಥ ದಿನಗಳಲ್ಲಿ. ಉತ್ತರ ಬರೆಯಲಾಗಲಿಲ್ಲ, ಆದರೆ ಅದು ಜೇಬಿನಲ್ಲೇ ಇತ್ತು.

ತೊಳೆಯುವಾಗ ಒಂದು ಯೋಚನೆ ಬಂತು. ಎಷ್ಟು ತೊಳೆದರೂ ನೀಲಿ ಬರುತ್ತಲೇ ಇದೆ. ಚಿಟಿಕೆ ಪುಡಿ ಇಷ್ಟೊಂದನ್ನು ಮೈಗೆ ಹಚ್ಚಿಕೊಂಡು ಕೂತಿತ್ತು, ಕೇಳಿದ ಕೂಡಲೇ ಬಿಟ್ಟುಕೊಟ್ಟಿತು. ಮುರಿಯಲಿಲ್ಲ ಎಂದು ನಾನು ಅಳುತ್ತಿದ್ದೇನೆ. ಹಿಡಿದಿಡುವುದು, ಕೇಳಿದಾಗ ಕೊಡುವುದು, ಇದನ್ನೇ ಬಯಸುವ ಕೆಲಸವೊಂದು ಇದೆಯಲ್ಲ? ವಿದ್ಯುತ್ತನ್ನು ಕೂಡಿಡುವ ಕೆಲಸ.

ಹರಳುಗಳನ್ನು ತೆಗೆದುಹಾಕಿದೆ. ಬರಿಯ ಹಾಳೆಗಳನ್ನು ಲೋಹದ ತಗಡಿಗೆ ಬಳಿದು, ಎದುರಿಗೆ ಅಂಥದ್ದೇ ಇನ್ನೊಂದನ್ನಿಟ್ಟು, ನಡುವೆ ಉಪ್ಪಿನ ದ್ರಾವಣ ಹಾಕಿ ಬಿಲ್ಲೆ ಮಾಡಿದೆ. ವಿದ್ಯುತ್ ಕೊಟ್ಟರೆ ಆ ಮಡಿಕೆಗಳ ಮೈಗೆಲ್ಲ ಅಂಟಿಕೊಳ್ಳುತ್ತದೆ. ಬ್ಯಾಟರಿಯ ಹಾಗೆ ಗಂಟೆಗಟ್ಟಲೆ ಕಾಯಬೇಕಿಲ್ಲ, ಕ್ಷಣದಲ್ಲಿ ತುಂಬುತ್ತದೆ, ಸಾವಿರಾರು ಸಲ ತುಂಬಿ ಖಾಲಿ ಮಾಡಿದರೂ ದಣಿಯುವುದಿಲ್ಲ. ಬ್ಯಾಟರಿಯಷ್ಟು ಹಿಡಿಸುವುದಿಲ್ಲ, ನಿಜ. ಆದರೆ ನಮ್ಮ ಲ್ಯಾಬಿನಲ್ಲಿ ಬೇರೆಯವರು ಇದುವರೆಗೆ ಮಾಡಿದ ಇಂಥ ಯಾವ ಬಿಲ್ಲೆಗಿಂತಲೂ ಹೆಚ್ಚು ಹಿಡಿಸುತ್ತದೆ. ಈ ಸಲ ನಾನು ಕುಣಿಯಲಿಲ್ಲ. ಬೇರೆ ಲ್ಯಾಬಿಗೆ ಕೊಟ್ಟು, ಇದು ಸುಳ್ಳೆಂದು ತೋರಿಸಿ ಎಂದು ಕೇಳಿಕೊಂಡೆ. ಅವರು ಮೂರು ವಾರ ಒದ್ದಾಡಿ, ಆಗಲಿಲ್ಲ ಎಂದು ಬರೆದರು. ಇನ್ನೆರಡು ವರ್ಷ ಇಲ್ಲೇ ಇರು ಎಂದು ಮುಖ್ಯಸ್ಥೆ ಹೇಳಿದ್ದಾರೆ. ಚೀಟಿಯಲ್ಲಿ ಇನ್ನೂ ತಾತ್ಕಾಲಿಕ ಎಂದೇ ಇದೆ. ಇರಲಿ ಬಿಡಿ.

ಇನ್ನೊಂದು ತಮಾಷೆ. ಈಗ ನಮ್ಮಲ್ಲಿ ಯಾವ ಹೊಸ ಪುಡಿ ಬಂದರೂ ದಿನಗಟ್ಟಲೆ ಕತ್ತಲಲ್ಲಿಟ್ಟೇ ಮುಂದಿನ ಮಾತು. ಅದಕ್ಕೆ ಎಲ್ಲರೂ "ಕಪಾಟು ಪರೀಕ್ಷೆ" ಅನ್ನುತ್ತಾರೆ. ಸಮ್ಮೇಳನದಲ್ಲಿ ನನ್ನ ಮಾತು ಕೇಳಿದ ಬೇರೆಯವರೂ ಶುರು ಮಾಡಿದ್ದಾರಂತೆ. ಯಾರ ಕಪಾಟು ಎಂದು ಕೇಳಿದವರಿಗೆ, ನನ್ನ ಮಾವನದು ಎಂದು ಜಂಬದಿಂದ ಹೇಳುತ್ತೇನೆ.

ಪೆಟ್ಟಿಗೆಯಲ್ಲಿ ಮೂರು ಬಿಲ್ಲೆಗಳನ್ನು ಜೋಡಿಸಿ ಒಂದು ಪುಟ್ಟ ದೀಪ ಕಟ್ಟಿದ್ದೇನೆ. ಬೆರಳಗಲದ ಸೌರ ಫಲಕವೂ ಇದೆ. ಮೊದಲು ಕಿಟಕಿಯ ಬಿಸಿಲಿನಲ್ಲಿಡಿ. ಈ ಸಲ ನಿಜವಾಗಿಯೂ ಇಡಿ! ಆಮೇಲೆ ಕಪಾಟಿಗೆ ಒಯ್ದು, ಗುಂಡಿ ಒತ್ತಿ, ಬಾಗಿಲು ಹಾಕಿ.

ನಿಮ್ಮ
ಕಡ್ಡಿ

ಸೆಪ್ಟೆಂಬರ್ ೨೭

ಚಿರಂಜೀವಿ ಕಡ್ಡಿಗೆ,

ಇಟ್ಟೆ. ಕಿಟಕಿಯಲ್ಲೇ ಇಟ್ಟೆ, ಅತ್ತೆ ಸಾಕ್ಷಿ. ನಿನಗೆ ನಂಬಿಕೆಯಿರಲಿಕ್ಕಿಲ್ಲ ಎಂದು ಅವಳನ್ನು ಪಕ್ಕದಲ್ಲೇ ಕೂರಿಸಿದ್ದೆ.

ಮಧ್ಯಾಹ್ನ ಕಪಾಟಿಗೆ ಒಯ್ದು ಗುಂಡಿ ಒತ್ತಿ ಬಾಗಿಲು ಹಾಕಿದೆ. ಬೀಗದ ತೂತಿನ ಕಾಗದವನ್ನು ಎಷ್ಟೋ ವರ್ಷಗಳ ಮೇಲೆ ಕಿತ್ತೆ. ಅಲ್ಲಿಂದ ಬೆಳಕು ನನ್ನ ಅಂಗಿಯ ಮೇಲೆ ಬಿತ್ತು. "ಬೀಗದ ತೂತಲ್ಲಿ ಏನ್ರೀ ಇಣುಕ್ತೀರಾ, ನಿಮ್ಮದೇ ಕಪಾಟು" ಅಂದಳು ಅತ್ತೆ. ಬಾಗಿಲು ತೆಗೆದೆ. ಕಿಟಕಿಯಲ್ಲಿದ್ದ ಬಿಸಿಲನ್ನು ನೀನು ನನ್ನ ಕತ್ತಲೆಯೊಳಗೆ ತಂದು ಇಟ್ಟಿದ್ದೆ. ಅದರ ಬೆಳಕಿನಲ್ಲಿ ಬಟ್ಟೆ ಸುತ್ತಿದ ಚಿತ್ರಗಳೆಲ್ಲ ಸಾಲಾಗಿ ನಿಂತಿದ್ದವು. ಬಚ್ಚಿಟ್ಟವನು ನಾನು, ನನಗೇ ನಾಚಿಕೆಯಾಯಿತು. ನಿನ್ನ ಪುಡಿಯಾದರೂ ಕೇಳಿದ ಕೂಡಲೇ ಬಿಟ್ಟುಕೊಟ್ಟಿತು. ಅತ್ತೆ ಎಷ್ಟು ವರ್ಷದಿಂದ ಕೇಳುತ್ತಿದ್ದಾಳೆ!

ನೀಲಿ ಶಾಲಿನ ಚಿತ್ರವನ್ನು ಹೊರಗೆ ತೆಗೆದು ಕಿಟಕಿಯ ಎದುರಿನ ಗೋಡೆಗೇ ಮೊಳೆ ಹೊಡೆದೆ. ಬಿಸಿಲಿಗೆ ಶಾಲು ಮಾಸುತ್ತದೆ ಎಂದು ಮತ್ತೆ ಹೇಳಿದೆ, ಅಭ್ಯಾಸ. "ಮಾಸಿದ್ರೆ ಮಾಸ್ಲಿ, ಅಲ್ಲೀ ತನಕ ನೋಡ್ತೀನಲ್ಲ" ಅಂದಳು. ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿದಳು. ಕೊನೆಗೆ, "ಮೂಗು ಸ್ವಲ್ಪ ಉದ್ದ ಮಾಡಿದ್ದೀರಿ" ಅಂದಳು. ಇಷ್ಟು ವರ್ಷ ಬಿಟ್ಟು ಒಂದು ತಪ್ಪು ಹುಡುಕಿದಳು ನೋಡು. ಹೂವು ಬರೆದು ಮುಚ್ಚುವುದಿಲ್ಲ, ಹಾಗೇ ಇರಲಿ.

ಚಿತ್ರವಿದ್ದ ಜಾಗದಲ್ಲಿ ಈಗ ನಿನ್ನ ದೀಪವಿದೆ. ಬೆಳಗ್ಗೆ ಕಿಟಕಿಗೆ, ಸಂಜೆ ಕಪಾಟಿಗೆ ಅತ್ತೆಯೇ ಒಯ್ಯುತ್ತಾಳೆ, ನನ್ನನ್ನು ಮುಟ್ಟಲು ಬಿಡುವುದಿಲ್ಲ.

ಈ ಹಾಳೆಯ ಕೆಳಗೆ ನಮ್ಮ ಕಪಾಟಿನ ಚಿತ್ರ ಬರೆದಿದ್ದೇನೆ. ಬಳಸಿದ್ದು ನಿನ್ನ ಸೀಸೆಯಿಂದ ವಾಪಸ್ ಬಂದ ನೀಲಿ. ಕತ್ತರಿಸಿ ನಿನ್ನ ಲ್ಯಾಬಿನಲ್ಲಿ ಬಿಸಿಲು ಬೀಳುವ ಗೋಡೆಗೇ ಅಂಟಿಸು, ಎಷ್ಟು ದಿನ ನಿಂತಿತೆಂದು ಬರೆಯುತ್ತಿರು. ಮಾಸಿದರೆ ಇನ್ನೊಂದು ಬರೆದು ಕಳಿಸುತ್ತೇನೆ.

ಶಭಾಷ್! ಶಭಾಷ್! ಶಭಾಷ್!

ನಿನ್ನ
ಮಾವ